ಅಚ್ಚೊತ್ತಿದ ಹೊಂಗೆ ಎಲೆ

ಮಕ್ಕಳೇ, ಹೋದ ವಾರ ನಮ್ಮ ಬೀದಿಯ ಹೊಂಗೆಮರ ಕಡಿದರು. ಮೊಮ್ಮಗ ಒಂದು ಎಲೆ ಹಿಡಿದು, "ತಾತ, ಇದೂ ಒಣಗಿಹೋಗುತ್ತಲ್ಲ?" ಎಂದ. "ಬಾ, ಪಳೆಯುಳಿಕೆ ಮಾಡೋಣ" ಎಂದೆ.

ಜೇಡಿಮಣ್ಣು ನಾದಿ ದಪ್ಪ ರೊಟ್ಟಿಯಂತೆ ತಟ್ಟಿದೆವು. ನರಗಳು ಎದ್ದು ಕಾಣುವ ಬೆನ್ನು ಕೆಳಗೆ ಮಾಡಿ ಎಲೆಯನ್ನು ಒತ್ತಿ, ಮೆಲ್ಲಗೆ ತೆಗೆದೆವು. ಸುತ್ತ ಮಣ್ಣಿನ ಕಟ್ಟೆ ಕಟ್ಟಿ, ನೀರಲ್ಲಿ ಕಲಸಿದ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದೆವು. ಐದೇ ನಿಮಿಷಕ್ಕೆ ಅವನು ಕಿತ್ತ, ಮುರಿಯಿತು! ಎರಡನೆಯ ಸಲ ಒಂದು ಗಂಟೆ ಕಾದೆವು. ಮಣ್ಣು ಬಿಡಿಸಿದರೆ ಒಂದೊಂದು ನರವೂ ಮೂಡಿತ್ತು.

ನಿಸರ್ಗದ ಕೆಲಸವೂ ಹೀಗೆಯೇ, ಆದರೆ ಬಹಳ ನಿಧಾನ. ಕೆಸರಲ್ಲಿ ಹೂತ ಎಲೆ, ಚಿಪ್ಪು ಕರಗಿಹೋದರೂ ಅಚ್ಚು ಉಳಿಯುತ್ತದೆ; ಕೆಸರು ಕಲ್ಲಾಗುತ್ತದೆ. ಅಜ್ಜಿಯ ದೇವರ ಪೆಟ್ಟಿಗೆಯಲ್ಲಿ ಸಾಲಿಗ್ರಾಮವಿದೆಯೇ? ನೇಪಾಳದ ಗಂಡಕಿ ನದಿಯ ಆ ಕಲ್ಲಿನ ಚಕ್ರ, ಅಮೋನೈಟ್ ಎಂಬ ಕಡಲಜೀವಿಯ ಚಿಪ್ಪಿನ ಗುರುತು. ಹಿಮಾಲಯ ಏಳುವ ಮೊದಲು ಅಲ್ಲಿ ಕಡಲಿತ್ತು! ಆ ಜೀವಿಗಳು ಅಳಿದು ಸುಮಾರು 6.6 ಕೋಟಿ ವರ್ಷವಾಯಿತು.

ಅಚ್ಚಿನ ಹಿಂದೆ ಮೊಮ್ಮಗ ಮರದ ಹೆಸರು, ತಾರೀಕು ಬರೆದ. ಲೆಡ್ಜರ್ ಬರೆದೇ ಮುದುಕನಾದ ನನಗೆ ಖುಷಿಯಾಯಿತು. ಆಮೇಲೆ ಅವನೆಂದ: "ತಾತ, ಎಲೆ ಉಳೀತು, ನೆರಳು ಉಳೀಲಿಲ್ಲ." ಸಂಜೆ ಇಬ್ಬರೂ ಹೊಂಗೆಬೀಜ ಊರಿದೆವು.

ನಿಮ್ಮ ಬೀದಿಯ ಮರದ ಅಚ್ಚು ತೆಗೆಯಿರಿ, ಮರ ಇರುವಾಗಲೇ.