ಜಯದೇವಕ್ಕೆ ಹೋಗುವವರು ಎಷ್ಟು ಗೇಟು ದಾಟಬೇಕು?

ನಮ್ಮ ತುಮಕೂರು ಕಡೆಯ ಯಾವ ಊರಿಗೆ ಬೇಕಾದರೂ ಹೋಗಿ ಕೇಳಿ. ಎದೆನೋವು ಅಂತ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಹೋಗಿ ಬಂದವರು ಒಬ್ಬರಾದರೂ ಸಿಗುತ್ತಾರೆ. ಸ್ಟೆಂಟ್ ಹಾಕಿಸಿಕೊಂಡವರು, ಮೂರು ತಿಂಗಳಿಗೊಮ್ಮೆ ತೋರಿಸಿಕೊಂಡು ಬರುವವರು, ಅವರ ಜೊತೆ ಫೈಲು ಹಿಡಿದುಕೊಂಡು ಹೋಗುವ ಮಗಳು, ಅಳಿಯ, ತಮ್ಮ. ಈ ಬರಹ ಅವರಿಗಾಗಿ. ಮೆಟ್ರೋ ಬೆಂಗಳೂರಿನವರ ವಿಷಯ, ನಮಗ್ಯಾಕೆ ಅಂತ ಬೆರಳು ಸರಿಸಿ ಮುಂದೆ ಹೋಗಬೇಡಿ.

2025ರ ಆಗಸ್ಟ್ 10ರಂದು ಬೆಂಗಳೂರಿನಲ್ಲಿ ಹಳದಿ ಮೆಟ್ರೋ ಮಾರ್ಗ ಉದ್ಘಾಟನೆಯಾಯಿತು. ಆರ್.ವಿ. ರೋಡಿನಿಂದ ಬೊಮ್ಮಸಂದ್ರದವರೆಗೆ ಸುಮಾರು 19 ಕಿಲೋಮೀಟರ್, 16 ನಿಲ್ದಾಣ. ಪೇಪರಿನವರು, ಟಿವಿಯವರು ಎಲ್ಲರೂ ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ಜನರಿಗೆ ಆಗುವ ಅನುಕೂಲದ ಬಗ್ಗೆಯೇ ಬರೆದರು. ಆ ಮಾರ್ಗದಲ್ಲಿ ಆರ್.ವಿ. ರೋಡ್ ಬಿಟ್ಟರೆ ರಾಗಿಗುಡ್ಡ, ಅದಾದ ಮೇಲೆ ಸಿಗುವ ನಿಲ್ದಾಣದ ಹೆಸರೇ ಜಯದೇವ ಆಸ್ಪತ್ರೆ. ನಮ್ಮ ಜಿಲ್ಲೆಯ ಹೃದ್ರೋಗಿಗಳ ಪಾಲಿಗೆ ಇದೇ ದೊಡ್ಡ ಸುದ್ದಿಯಾಗಬೇಕಿತ್ತು. ನಾವೂ ಆಗ ಬರೆಯಲಿಲ್ಲ, ತಪ್ಪು ನಮ್ಮದೂ ಇದೆ.

ಈಗ ದಾರಿ ನೋಡಿ. ತುಮಕೂರಿನಲ್ಲಿ ರೈಲು ಹತ್ತಿ ಯಶವಂತಪುರದಲ್ಲಿ ಇಳಿದರೆ ಪಕ್ಕದಲ್ಲೇ ಹಸಿರು ಮಾರ್ಗದ ಮೆಟ್ರೋ ನಿಲ್ದಾಣ. ಅಲ್ಲಿ ಹತ್ತಿ ಆರ್.ವಿ. ರೋಡಿನಲ್ಲಿ ಇಳಿದು, ಹಳದಿ ಮಾರ್ಗದ ಗಾಡಿ ಹತ್ತಿದರೆ ಎರಡನೇ ಸ್ಟಾಪು. ಆಟೋದವರ ಜೊತೆ ಜಗಳವಿಲ್ಲ, ಟ್ರಾಫಿಕ್‌ನಲ್ಲಿ ಕೂತು ಹೊಗೆ ಕುಡಿಯುವುದಿಲ್ಲ. ಆರ್.ವಿ. ರೋಡಿನಲ್ಲಿ ಹಸಿರಿನಿಂದ ಹಳದಿಗೆ ಬದಲಾಯಿಸುವಾಗ ಗೇಟು ಇಲ್ಲ, ಹೊಸ ಟಿಕೆಟ್ ಇಲ್ಲ. ಬೋರ್ಡು ನೋಡಿಕೊಂಡು ನಡೆದು ಹೋದರಾಯಿತು. ಮೆಜೆಸ್ಟಿಕ್‌ನಲ್ಲಿ ನೇರಳೆಯಿಂದ ಹಸಿರಿಗೆ ಬದಲಾಯಿಸುವವರಿಗೂ ಇದೇ ವ್ಯವಸ್ಥೆ. ಒಳಗೆ ಬರುವಾಗ ಒಂದು ಗೇಟು, ಹೊರಗೆ ಹೋಗುವಾಗ ಒಂದು ಗೇಟು, ನಡುವೆ ಎಷ್ಟು ಗಾಡಿ ಬದಲಾಯಿಸಿದರೂ ಯಾರೂ ಕೇಳುವುದಿಲ್ಲ. ಇದಕ್ಕೆ ನಮ್ಮ ಮೆಟ್ರೋದವರನ್ನು ಮೆಚ್ಚಲೇಬೇಕು.

ಹಾಗಾದರೆ ತಕರಾರು ಏನು? ಈ ಸೌಲಭ್ಯ ಮೆಟ್ರೋದ ಗೋಡೆಯೊಳಗೆ ಮಾತ್ರ. ಗೋಡೆಯ ಹೊರಗಿನಿಂದ ಬರುವವನಿಗೆ ಪ್ರಯಾಣ ಮತ್ತೆ ಮೊದಲಿಂದ ಶುರು. ತುಮಕೂರಿನಿಂದ 60–70 ಕಿಲೋಮೀಟರ್ ಟಿಕೆಟ್ ತೆಗೆದುಕೊಂಡೇ ಬಂದವನು ಯಶವಂತಪುರದಲ್ಲಿ ಮೆಟ್ಟಿಲು ಹತ್ತಿ, ಚೀಲ ಸ್ಕ್ಯಾನಿಂಗ್ ಯಂತ್ರಕ್ಕೆ ಹಾಕಿ, ಕೈ ಎತ್ತಿ ತಪಾಸಣೆ ಮಾಡಿಸಿಕೊಂಡು, ಕೌಂಟರಿನಲ್ಲಿ ಸಾಲು ನಿಂತು, ಟೋಕನ್ ತೆಗೆದುಕೊಂಡು, ಗೇಟಿನ ಮುಂದೆ ನಿಲ್ಲಬೇಕು. ಒಳಗೆ ಹೋಗುವಾಗ ಟೋಕನ್ ಮುಟ್ಟಿಸಬೇಕು, ಹೊರಗೆ ಬರುವಾಗ ಅದೇ ಟೋಕನ್ ತೂತಿಗೆ ಹಾಕಬೇಕು. ದಿನಾ ಓಡಾಡುವವರಿಗೆ ಇದು ಲೆಕ್ಕಕ್ಕೇ ಇಲ್ಲ. ಮೊದಲ ಸಲ ಬಂದ ಅರವತ್ತು ದಾಟಿದ ಅಜ್ಜನಿಗೆ, ಹಿಂದೆ ಹತ್ತು ಜನ ನಿಂತು ಉಸ್ಸಪ್ಪಾ ಎನ್ನುವಾಗ, ಅದು ಸಣ್ಣ ವಿಷಯವಲ್ಲ.

ಯಾಕೆ ಹೀಗೆ ಅಂತ ಕೇಳಿದರೆ ಕೊಡುವ ಉತ್ತರ, ರೈಲ್ವೆ ಬೇರೆ, ಮೆಟ್ರೋ ಬೇರೆ, ಬಸ್ಸು ಬೇರೆ. ನಮ್ಮ ಸಿಟ್ಟು ಇರುವುದೇ ಇಲ್ಲಿ. ಗೇಟು ಇಡುವ ಜಾಗವನ್ನು ತೀರ್ಮಾನಿಸುತ್ತಿರುವುದು ಪ್ರಯಾಣಿಕ ಎಲ್ಲಿಂದ ಎಲ್ಲಿಗೆ ಹೋಗುತ್ತಾನೆ ಎನ್ನುವುದಲ್ಲ. ಒಂದು ಇಲಾಖೆಯ ಜಮೀನು ಎಲ್ಲಿ ಮುಗಿದು ಇನ್ನೊಂದರದ್ದು ಎಲ್ಲಿ ಶುರುವಾಗುತ್ತದೆ ಎನ್ನುವ ಬದುವಿನ ಲೆಕ್ಕ ಅದು. ಬದು ಅವರದ್ದು, ಮುಳ್ಳುಬೇಲಿ ದಾಟುವವರು ನಾವು.

ಈ ಬೇಲಿಯ ಕಥೆ ಬೇರೆ ಊರುಗಳಲ್ಲೂ ಇದೆ. ಮುಂಬೈಯಲ್ಲಿ ಮೊದಲ ಮೆಟ್ರೋ 2014ರಲ್ಲಿ ಬಂತು, ಅದರಲ್ಲಿ ಖಾಸಗಿಯವರ ಪಾಲೇ ಹೆಚ್ಚು. ಆಮೇಲೆ ಬಂದ ಮಾರ್ಗಗಳು ಸರ್ಕಾರದ ಬೇರೆ ಕಂಪನಿಯವು. 2023ರ ಜನವರಿಯಲ್ಲಿ ಅಂಧೇರಿ ಹತ್ತಿರ ಈ ಎರಡು ಮೆಟ್ರೋಗಳು ಕೂಡಿದವು. ನಿಲ್ದಾಣಗಳ ನಡುವೆ ಸೇತುವೆ ಕಟ್ಟಿದರು, ಟಿಕೆಟ್ ಮಾತ್ರ ಕೂಡಲಿಲ್ಲ. ಒಂದರಿಂದ ಹೊರಗೆ ಬಂದು ಇನ್ನೊಂದಕ್ಕೆ ಹೊಸದಾಗಿ ಒಳಗೆ ಹೋಗಬೇಕಿತ್ತು. ಬೇರೆ ಬೇರೆ ಕಂಪನಿಯ ಟಿಕೆಟ್ ಒಂದೇ ಆ್ಯಪಿನಲ್ಲಿ ಸಿಗುವಂತಾಗಲು 2025ರ ಅಕ್ಟೋಬರ್ ಬೇಕಾಯಿತು. ದೆಹಲಿ ಪಕ್ಕದ ನೊಯ್ಡಾದಲ್ಲಿ ಸೆಕ್ಟರ್ 51 ಮತ್ತು ಸೆಕ್ಟರ್ 52 ಅಂತ ಎರಡು ನಿಲ್ದಾಣ, ನಡುವೆ ಸುಮಾರು 300 ಮೀಟರ್. ಒಂದು ನೊಯ್ಡಾ ಮೆಟ್ರೋದ್ದು, ಇನ್ನೊಂದು ದೆಹಲಿ ಮೆಟ್ರೋದ್ದು. 2019ರಲ್ಲಿ ನೊಯ್ಡಾ ಮೆಟ್ರೋ ಶುರುವಾದಾಗಿನಿಂದ ಜನ ಒಂದರ ಗೇಟು ದಾಟಿ ಹೊರಗೆ ಬಂದು, ನಡೆದು, ಇನ್ನೊಂದರ ಗೇಟು ದಾಟುತ್ತಿದ್ದಾರೆ. ಮೊದಲು ಕಟ್ಟಿ, ಆಮೇಲೆ ಜೋಡಿಸೋಣ ಎಂದರೆ ಆಗುವುದು ಇದೇ.

ಮುಂಬೈಯವರಿಗೆ ಖಾಸಗಿ ಕಂಪನಿ ಇದೆ ಎಂಬ ನೆಪವಾದರೂ ಇತ್ತು. ನಮ್ಮಲ್ಲಿ ನೋಡಿ. ನಮ್ಮ ಮೆಟ್ರೋ ನಿಗಮ ಕೇಂದ್ರ ಮತ್ತು ರಾಜ್ಯ ಎರಡರ ಜಂಟಿ ಸಂಸ್ಥೆ. ರೈಲ್ವೆ ಕೇಂದ್ರದ್ದು. ಕೆಎಸ್‌ಆರ್‌ಟಿಸಿ, ಬಿಎಂಟಿಸಿ ರಾಜ್ಯದ್ದು. ಉಪನಗರ ರೈಲು ಕಟ್ಟುತ್ತಿರುವ ಕೆ-ರೈಡ್ ಮತ್ತೆ ರಾಜ್ಯ ಮತ್ತು ರೈಲ್ವೆಯ ಜಂಟಿ ಸಂಸ್ಥೆ. ಬೋರ್ಡು ಐದು ಇರಬಹುದು, ಯಜಮಾನರು ಇಬ್ಬರೇ. ಇವರೆಲ್ಲರನ್ನೂ ಒಂದೇ ಮೇಜಿನ ಸುತ್ತ ಕೂರಿಸಲು ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರ ಅಂತ 2022ರಲ್ಲೇ ವಿಧಾನಮಂಡಲದಲ್ಲಿ ಕಾನೂನು ಪಾಸಾಗಿದೆ. ಕಾನೂನು ಇದೆ, ಮೇಜೂ ಇದೆ.

ದುಡ್ಡು ಹಂಚಿಕೊಳ್ಳುವುದು ಕಷ್ಟ, ತಾಂತ್ರಿಕ ತೊಂದರೆ ಅಂತ ಇನ್ನೊಂದು ಮಾತು ಬರುತ್ತದೆ. ನಮ್ಮೂರ ಟೊಮೆಟೊ ಗಾಡಿ ಚೆನ್ನೈಗೆ ಹೋಗುವಾಗ ದಾರಿಯಲ್ಲಿ ಬೇರೆ ಬೇರೆ ಗುತ್ತಿಗೆದಾರರ ಟೋಲ್ ಸಿಗುತ್ತದೆ. ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಚೀಟಿ ಒಂದೇ. ಯಾರ ಪಾಲು ಯಾರಿಗೆ ಹೋಗಬೇಕೋ ಹೋಗುತ್ತದೆ, ಡ್ರೈವರ್ ತಲೆ ಕೆಡಿಸಿಕೊಳ್ಳುವುದಿಲ್ಲ. 2021ರಿಂದ ಅದು ಕಡ್ಡಾಯವೂ ಆಗಿದೆ. ಒಂದು ಬ್ಯಾಂಕಿನ ಎಟಿಎಂ ಕಾರ್ಡು ಇನ್ನೊಂದು ಬ್ಯಾಂಕಿನ ಎಟಿಎಂನಲ್ಲಿ ನಡೆಯಲು ಶುರುವಾಗಿ ಎಷ್ಟು ಕಾಲವಾಯಿತು! ಟೊಮೆಟೊ ಗಾಡಿಗೆ ಆಗುವ ವ್ಯವಸ್ಥೆ ಎದೆ ಕಾಯಿಲೆಯ ಮನುಷ್ಯನಿಗೆ ಆಗುವುದಿಲ್ಲವೇ?

ಕೆಲವರು ಹೇಳುತ್ತಾರೆ, ಒಂದು ದೇಶ ಒಂದು ಕಾರ್ಡು ಅಂತ 2019ರಲ್ಲೇ ಬಂದಿದೆಯಲ್ಲ, ಮೆಟ್ರೋದಲ್ಲೂ ನಡೆಯುತ್ತದಲ್ಲ ಎಂದು. ಇಲ್ಲಿ ಮೋಸ ಹೋಗಬೇಡಿ. ಒಂದು ಕಾರ್ಡು ಬೇರೆ, ಒಂದು ಟಿಕೆಟ್ ಬೇರೆ. ಒಂದೇ ಕಾರ್ಡಿನಿಂದ ಮೂರು ಕಡೆ ಮೂರು ಸಲ ದುಡ್ಡು ಕಡಿದರೆ ನಮಗೆ ಉಳಿದಿದ್ದೇನು? ಚಿಲ್ಲರೆ ಹುಡುಕುವ ಕೆಲಸ ಮಾತ್ರ. ಮೆಟ್ರೋ ದರದ ಲೆಕ್ಕ ಗೊತ್ತಿರಲಿ: 2025ರ ಫೆಬ್ರುವರಿಯಲ್ಲಿ ಏರಿಸಿದ ಮೇಲೆ ಕನಿಷ್ಠ 10 ರೂಪಾಯಿ, ಗರಿಷ್ಠ 90 ರೂಪಾಯಿ. ದೂರ ಹೆಚ್ಚಿದಂತೆ ಕಿಲೋಮೀಟರಿಗೆ ಬೀಳುವ ದರ ಕಡಿಮೆಯಾಗುತ್ತದೆ. ಒಂದೇ ಪ್ರಯಾಣವನ್ನು ತುಂಡು ಮಾಡಿ, ಪ್ರತಿ ತುಂಡಿಗೂ ಮೊದಲ ಮೆಟ್ಟಿಲಿನ ದರ ಹಾಕಿದರೆ ಒಟ್ಟು ಹೆಚ್ಚಾಗುತ್ತದೆ. ನಮಗೆ ಬೇಕಾಗಿರುವುದು ತುಂಡುಗಳನ್ನು ಸೇರಿಸಿ ಲೆಕ್ಕ ಹಾಕುವ ಯಂತ್ರ.

ಕಾರ್ಡಿನ ವಿಷಯಕ್ಕೆ ಬಂದದ್ದರಿಂದ ಇನ್ನೊಂದು ಹೇಳಲೇಬೇಕು. ಮೆಟ್ರೋ ಸ್ಮಾರ್ಟ್ ಕಾರ್ಡ್ ಇದ್ದವರಿಗೆ ಶೇ. 5 ರಿಯಾಯಿತಿ, ಜನ ಕಡಿಮೆ ಇರುವ ಹೊತ್ತಿನಲ್ಲಿ ಇನ್ನೂ ಶೇ. 5. ಟೋಕನ್ ತೆಗೆದುಕೊಳ್ಳುವವರಿಗೆ ಏನೂ ಇಲ್ಲ. ಹಾಗಾದರೆ ಕಾರ್ಡು ಮಾಡಿಸಿಕೊಳ್ಳಿ ಎನ್ನಬಹುದು. ದರ ಏರಿದಾಗ ಕಾರ್ಡಿನಲ್ಲಿ ಇರಲೇಬೇಕಾದ ಮೊತ್ತವನ್ನೂ 90 ರೂಪಾಯಿಗೆ ಏರಿಸಿದರು. ಮೂರು ತಿಂಗಳಿಗೊಮ್ಮೆ ಬರುವ ಕೂಲಿಯವನು 90 ರೂಪಾಯಿಯನ್ನು ಕಾರ್ಡಿನಲ್ಲಿ ಮಲಗಿಸಿ ಮನೆಗೆ ಹೋಗಬೇಕೇ? ತಿಂಗಳ ಸಂಬಳದವನಿಗೆ ರಿಯಾಯಿತಿ, ಕಾಯಿಲೆಗೆ ಬಂದವನಿಗೆ ಪೂರ್ತಿ ದರ. ಇದನ್ನು ಕೂತು ಯೋಚಿಸಿ ಮಾಡಿದ್ದಾರೆ ಎಂದು ನಾವು ಹೇಳುವುದಿಲ್ಲ. ನಮ್ಮನ್ನು ಯೋಚಿಸದೇ ಮಾಡಿದ್ದಾರೆ.

ಗೇಟು ಎಂದರೆ ತಡೆಯುವುದಕ್ಕೇ ಇರಬೇಕು ಎಂದೇನೂ ಇಲ್ಲ. ಲಂಡನ್ನಿನಲ್ಲಿ ಮಾರ್ಗ ಬದಲಾಯಿಸುವ ಕೆಲವು ನಿಲ್ದಾಣಗಳಲ್ಲಿ ಗುಲಾಬಿ ಬಣ್ಣದ ಕಾರ್ಡ್ ಯಂತ್ರ ಇಟ್ಟಿದ್ದಾರೆ. ಅದಕ್ಕೆ ಬಾಗಿಲೇ ಇಲ್ಲ. ನಾನು ಊರ ನಡುವಿನ ದುಬಾರಿ ಭಾಗಕ್ಕೆ ಹೋಗದೆ ಸುತ್ತು ದಾರಿಯಲ್ಲಿ ಬಂದೆ ಎಂದು ತೋರಿಸಲು ಕಾರ್ಡು ಮುಟ್ಟಿಸಿದರೆ ದರ ಕಡಿಮೆಯಾಗುತ್ತದೆ. ಅಲ್ಲಿ ಯಂತ್ರ ಇರುವುದು ಪ್ರಯಾಣಿಕನ ಪರ ಸಾಕ್ಷಿ ಹೇಳಲು. ಅಷ್ಟು ದೂರ ಯಾಕೆ, ನಮ್ಮ ರೈಲನ್ನೇ ನೋಡಿ. ತುಮಕೂರಿನ ಪ್ಲಾಟ್‌ಫಾರ್ಮಿಗೆ ಹೋಗಲು ಬಾಗಿಲು ತೆರೆಯುವ ಯಂತ್ರ ಇಲ್ಲ. ಟಿಸಿ ಬರುತ್ತಾರೆ, ಟಿಕೆಟ್ ಕೇಳುತ್ತಾರೆ, ಇಲ್ಲದಿದ್ದರೆ ದಂಡ ಹಾಕುತ್ತಾರೆ. ನೂರು ಎಪ್ಪತ್ತು ವರ್ಷದಿಂದ ರೈಲ್ವೆ ಹೀಗೇ ನಡೆದಿದೆ.

ಗೇಟಿನ ಹತ್ತಿರ ಯಾರನ್ನು ನಿಲ್ಲಿಸುತ್ತಾರೆ ಎನ್ನುವುದೂ ನೆನಪಿರಲಿ. 2024ರ ಫೆಬ್ರುವರಿಯಲ್ಲಿ ರಾಜಾಜಿನಗರ ಮೆಟ್ರೋ ನಿಲ್ದಾಣದಲ್ಲಿ ತಲೆ ಮೇಲೆ ಗಂಟು ಹೊತ್ತು ಬಂದ ರೈತರೊಬ್ಬರನ್ನು ಬಟ್ಟೆ ಕೊಳೆಯಾಗಿದೆ ಎಂದು ತಡೆದರು. ಅವರ ಹತ್ತಿರ ಟಿಕೆಟ್ ಇತ್ತು. ಸಹಪ್ರಯಾಣಿಕರು ಜಗಳ ಮಾಡಿ ಒಳಗೆ ಕರೆದುಕೊಂಡು ಹೋದರು, ವಿಡಿಯೋ ಊರೂರಿಗೆ ಹರಡಿತು, ಮೇಲ್ವಿಚಾರಕನನ್ನು ಕೆಲಸದಿಂದ ತೆಗೆದರು. ಒಬ್ಬನನ್ನು ತೆಗೆದರೆ ಮುಗಿಯಿತೇ? ಹೆಚ್ಚು ಗೇಟು ಇದ್ದಷ್ಟೂ ನಮ್ಮಂಥವರು ಹೆಚ್ಚು ಕಡೆ ನಿಂತು ಮುಖ ತೋರಿಸಬೇಕು.

ಟಿಕೆಟ್ ಇಲ್ಲದವರು ನುಗ್ಗುತ್ತಾರೆ, ಅದಕ್ಕೆ ಗೇಟು ಬೇಕು ಎನ್ನುವವರ ಮಾತು ಪೂರ್ತಿ ಸುಳ್ಳಲ್ಲ. ಗೇಟು ಕಿತ್ತು ಹಾಕಿ ಎಂದು ನಾವು ಹೇಳುತ್ತಿಲ್ಲ. ಒಂದು ಪ್ರಯಾಣಕ್ಕೆ ಒಂದು ಸಲ ಒಳಗೆ, ಒಂದು ಸಲ ಹೊರಗೆ. ತುಮಕೂರಿನ ಕೌಂಟರಿನಲ್ಲೇ ಜಯದೇವ ಆಸ್ಪತ್ರೆಯವರೆಗೆ ಟಿಕೆಟ್ ಕೊಡಿ, ಅದೇ ಚೀಟಿಯ ಕ್ಯೂಆರ್ ಯಶವಂತಪುರದ ಮೆಟ್ರೋ ಗೇಟು ತೆರೆಯಲಿ. ಕೀಪ್ಯಾಡ್ ಫೋನಿನವರಿಗೂ ಕಾಗದದ ಮೇಲೆ ಸಿಗಲಿ, ವಾಟ್ಸಾಪ್ ಇದ್ದವರಿಗೆ ಮಾತ್ರ ಅಲ್ಲ.

ಈಗಲೇ ಯಾಕೆ ಕೇಳಬೇಕು ಎಂದರೆ, ಉಪನಗರ ರೈಲಿನ ನಿಲ್ದಾಣಗಳಲ್ಲಿ ಓಡಾಟ ಇನ್ನೂ ಶುರುವಾಗಿಲ್ಲ. 148 ಕಿಲೋಮೀಟರ್, ನಾಲ್ಕು ಮಾರ್ಗ, ಹೆಸರು ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಆಯಿತು, ಕೆಲಸ ಆಮೆ ನಡಿಗೆಯಲ್ಲಿದೆ. ಮಲ್ಲಿಗೆ ಮಾರ್ಗ ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರದವರೆಗೆ. ಚಿಕ್ಕಬಾಣಾವರ ನಮ್ಮ ತುಮಕೂರು ರೈಲಿನ ದಾರಿಯಲ್ಲೇ ಇದೆ. ನಾಳೆ ಅಲ್ಲಿ ಇಳಿದು ಮಲ್ಲಿಗೆ ಹತ್ತುವಾಗ ಒಂದು ಗೇಟು, ಅದರಿಂದ ಮೆಟ್ರೋಗೆ ಇನ್ನೊಂದು ಗೇಟು, ಮೆಟ್ರೋದಿಂದ ಬಸ್ಸಿಗೆ ಇನ್ನೊಂದು ಟಿಕೆಟ್ ಎಂದಾದರೆ ಹೂವಿನ ಹೆಸರು ಇಟ್ಟು ಏನು ಪ್ರಯೋಜನ? ಕಾಂಕ್ರೀಟು ಬಿದ್ದ ಮೇಲೆ ಗೇಟು ಸರಿಸುವುದು ಬಾವಿ ಸರಿಸಿದಷ್ಟೇ ಸುಲಭ.

ನಮ್ಮ ಸಂಸದ ವಿ. ಸೋಮಣ್ಣನವರು 2024ರಿಂದ ರೈಲ್ವೆ ರಾಜ್ಯ ಸಚಿವರು. ರೈಲು ನಿಲುಗಡೆಗೆ ಮನವಿ ಪತ್ರ ಹಿಡಿದು ಹೋಗುವ ಸಂಘದವರು, ಪಂಚಾಯಿತಿ ಸದಸ್ಯರು ಇನ್ನು ಮುಂದೆ ಅದೇ ಹಾಳೆಯಲ್ಲಿ ಒಂದು ಸಾಲು ಸೇರಿಸಿ: ರೈಲು, ಮೆಟ್ರೋ, ಉಪನಗರ ರೈಲು ಮೂರಕ್ಕೂ ಒಂದೇ ಟಿಕೆಟ್ ಕೊಡಿಸಿ ಎಂದು. ಕಾರ್ಡು ಎಂದು ಬರೆಯಬೇಡಿ, ಟಿಕೆಟ್ ಎಂದೇ ಬರೆಯಿರಿ.

ಅಲ್ಲಿಯವರೆಗೆ ಜಯದೇವಕ್ಕೆ ಹೋಗುವವರು ಇಷ್ಟು ನೆನಪಿಟ್ಟುಕೊಳ್ಳಿ. ಯಶವಂತಪುರದ ಕೌಂಟರಿನಲ್ಲಿ ಆರ್.ವಿ. ರೋಡಿಗೆ ಎಂದು ಕೇಳಬೇಡಿ, ಜಯದೇವ ಆಸ್ಪತ್ರೆ ನಿಲ್ದಾಣಕ್ಕೇ ಕೇಳಿ. ರೇಷ್ಮೆ ಸಂಸ್ಥೆ ಕಡೆ ಹೋಗುವ ಗಾಡಿ ಹತ್ತಿ. ಆರ್.ವಿ. ರೋಡಿನಲ್ಲಿ ಇಳಿದಾಗ ಎಲ್ಲರೂ ಗೇಟಿನ ಕಡೆ ಹೋಗುತ್ತಿದ್ದಾರೆ ಎಂದು ಹಿಂದೆ ಹೋಗಬೇಡಿ, ಹೊರಗೆ ಬಿದ್ದರೆ ಮತ್ತೆ ಟಿಕೆಟ್. ಹಳದಿ ಬಣ್ಣದ ಬೋರ್ಡು ನೋಡಿಕೊಂಡು ಹೋಗಿ, ಬೊಮ್ಮಸಂದ್ರದ ಗಾಡಿ ಹತ್ತಿ. ಟೋಕನ್ ಫೈಲಿನೊಳಗೆ ಹಾಕಬೇಡಿ, ಜೇಬಿನಲ್ಲಿರಲಿ.