ಜಾಗವಿಲ್ಲವೆಂದು ಬಿಟ್ಟುಕೊಟ್ಟ ಬ್ಯಾಗ್‌ವೆಲ್

1990ರ ಆಗಸ್ಟ್ ತಿಂಗಳ ಕೊನೆಯಲ್ಲಿ ಬೋಸ್ಟನ್ ರೆಡ್ ಸಾಕ್ಸ್ ತಂಡ ತನ್ನ ಮೈನರ್ ಲೀಗ್‌ನಲ್ಲಿ ಆಡುತ್ತಿದ್ದ 22ರ ಹರೆಯದ ಜೆಫ್ ಬ್ಯಾಗ್‌ವೆಲ್‌ರನ್ನು ಹ್ಯೂಸ್ಟನ್ ಆಸ್ಟ್ರೋಸ್‌ಗೆ ಬಿಟ್ಟುಕೊಟ್ಟು, ಬದಲಿಗೆ 37 ವರ್ಷದ ಪಿಚರ್ ಲ್ಯಾರಿ ಆಂಡರ್ಸನ್‌ರನ್ನು ಕರೆತಂದಿತು. ಆಂಡರ್ಸನ್ ಬೋಸ್ಟನ್ ಪರ ಎಸೆದದ್ದು 22 ಇನಿಂಗ್ಸ್. ಬ್ಯಾಗ್‌ವೆಲ್ ಹ್ಯೂಸ್ಟನ್‌ನ ಫಸ್ಟ್ ಬೇಸ್‌ಮನ್ ಆಗಿ 15 ವರ್ಷ ಆಡಿ 449 ಹೋಮ್ ರನ್ ಬಾರಿಸಿದರು, 2017ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಬೇಸ್‌ಬಾಲ್ ಚರಿತ್ರೆಯ ಅತಿ ಕೆಟ್ಟ ಟ್ರೇಡ್‌ಗಳನ್ನು ಪಟ್ಟಿ ಮಾಡುವವರು ಇದನ್ನು ಮರೆಯುವುದೇ ಇಲ್ಲ. ಮುದಿ ಪಿಚರ್‌ಗಾಗಿ ರತ್ನ ಕಳೆದುಕೊಂಡ ಮೂರ್ಖರು ಎಂಬ ಈ ತೀರ್ಪು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆಂಡರ್ಸನ್‌ರನ್ನು ತಂದದ್ದು ತಪ್ಪಲ್ಲ. ಯಾರನ್ನು ಕೊಡುವುದು ಎಂಬ ಪ್ರಶ್ನೆ ಬಂದಾಗ, ಹುಡುಗನ ಆಟವನ್ನು ನೋಡುವುದು ಬಿಟ್ಟು ತಂಡದಲ್ಲಿ ಖಾಲಿ ಇರುವ ಜಾಗವನ್ನು ನೋಡಿದರಲ್ಲ, ತಪ್ಪಾದದ್ದು ಅಲ್ಲಿ.

ಆ ತಿಂಗಳ ಪರಿಸ್ಥಿತಿಯನ್ನೇ ನೋಡಿ. ಬೋಸ್ಟನ್ ಮತ್ತು ಟೊರಾಂಟೊ ನಡುವೆ ಡಿವಿಷನ್‌ಗಾಗಿ ತುರುಸಿನ ಪೈಪೋಟಿ ನಡೆದಿತ್ತು. ಪಂದ್ಯದ ಕೊನೆಗೆ ಬಂದು ಗೆಲುವು ಉಳಿಸಬೇಕಾದ ಪಿಚರ್ ಜೆಫ್ ರಿಯರ್ಡನ್ ಬೆನ್ನಿನ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದರು. ಆ ಕೊರತೆ ತುಂಬಲು ಬಂದ ಆಂಡರ್ಸನ್ ನಿಜಕ್ಕೂ ಚೆನ್ನಾಗಿ ಎಸೆದರು, ಅವರು ಬಿಟ್ಟುಕೊಟ್ಟ ರನ್‌ಗಳ ಸರಾಸರಿ 1.23. ಬೋಸ್ಟನ್ 88 ಪಂದ್ಯ ಗೆದ್ದರೆ ಟೊರಾಂಟೊ ಗೆದ್ದದ್ದು 86. ಇಷ್ಟು ಸಣ್ಣ ಅಂತರದಲ್ಲಿ ಒಬ್ಬ ಒಳ್ಳೆಯ ಪಿಚರ್‌ನ ಬೆಲೆ ಕಡಿಮೆಯೇನಲ್ಲ. ಮುಂದೆ ಪ್ಲೇಆಫ್‌ನಲ್ಲಿ ಬೋಸ್ಟನ್ ಓಕ್‌ಲೆಂಡ್ ಎದುರು ನಾಲ್ಕಕ್ಕೆ ನಾಲ್ಕೂ ಸೋತದ್ದಾಗಲಿ, ತಂಡಗಳ ಮಾಲೀಕರು ಆಟಗಾರರ ವಿರುದ್ಧ ನಡೆಸಿದ ಒಳಸಂಚಿನ ಪ್ರಕರಣದ ಪರಿಹಾರವಾಗಿ ಆಂಡರ್ಸನ್‌ಗೆ ಬಿಡುಗಡೆ ಸಿಕ್ಕಿ ಅವರು ಸ್ಯಾನ್ ಡಿಯಾಗೊಗೆ ಹೊರಟುಹೋದದ್ದಾಗಲಿ ಬೇರೆಯೇ ಮಾತು.

ಬ್ಯಾಗ್‌ವೆಲ್ ಆಗ ಥರ್ಡ್ ಬೇಸ್ ಆಟಗಾರ. ಬೋಸ್ಟನ್‌ನ ಆ ಜಾಗದಲ್ಲಿ ಐದು ಬಾರಿ ಬ್ಯಾಟಿಂಗ್ ಪ್ರಶಸ್ತಿ ಗೆದ್ದ ವೇಡ್ ಬಾಗ್ಸ್ ಕೂತಿದ್ದರು. ಅವರ ಹಿಂದೆ ಸ್ಕಾಟ್ ಕೂಪರ್, ಟಿಮ್ ನೇರಿಂಗ್ ಸಾಲಿನಲ್ಲಿದ್ದರು. ಫಸ್ಟ್ ಬೇಸ್‌ಗೆ ಮೋ ವಾನ್ ಎಂಬ ಭಾರಿ ಆಳು ತಯಾರಾಗುತ್ತಿದ್ದರು. ಇವರ ನಡುವೆ ಈ ಹುಡುಗನನ್ನು ಎಲ್ಲಿ ಆಡಿಸುವುದು? ಜನರಲ್ ಮ್ಯಾನೇಜರ್ ಲೂ ಗೋರ್ಮನ್‌ಗೆ ಇದು ಅಭ್ಯಾಸವಾಗಿಹೋದ ಪ್ರಶ್ನೆ ಇರಬೇಕು. ಅದೇ ದಿನಗಳಲ್ಲಿ ಓಕ್‌ಲೆಂಡ್ ತಂಡ ವಿಲ್ಲಿ ಮೆಗೀ ಎಂಬ ಆಟಗಾರನನ್ನು ಎತ್ತಿಕೊಂಡಾಗ ನೀವೇಕೆ ಪ್ರಯತ್ನಿಸಲಿಲ್ಲ ಎಂದು ಕೇಳಿದವರಿಗೆ, ಮೆಗೀ ಬಂದರೂ ನಾವೇನು ಮಾಡಬೇಕಿತ್ತು ಎಂಬರ್ಥದ ಉತ್ತರ ಕೊಟ್ಟು ಅವರು ನಗೆಪಾಟಲಾದರು.

ಈಗ ಹುಡುಗನ ಆಟಕ್ಕೆ ಬನ್ನಿ. 1989ರ ಡ್ರಾಫ್ಟ್‌ನ ನಾಲ್ಕನೇ ಸುತ್ತಿನಲ್ಲಿ ಆಯ್ಕೆಯಾದವರು. ಹುಟ್ಟಿದ್ದು ಬೋಸ್ಟನ್‌ನಲ್ಲೇ, ಬೆಳೆದದ್ದು ಕನೆಕ್ಟಿಕಟ್‌ನಲ್ಲಿ, ಮನೆಮಂದಿಯೆಲ್ಲ ರೆಡ್ ಸಾಕ್ಸ್ ಅಭಿಮಾನಿಗಳು. 1990ರಲ್ಲಿ ಬೋಸ್ಟನ್‌ನ ಮೈನರ್ ಲೀಗ್ ತಂಡವಾದ ನ್ಯೂ ಬ್ರಿಟನ್‌ನಲ್ಲಿ ಅವರ ಬ್ಯಾಟಿಂಗ್ ಸರಾಸರಿ .333, ಅಂದರೆ ಮೂರು ಸಲಕ್ಕೆ ಒಂದು ಹಿಟ್. ಈಸ್ಟರ್ನ್ ಲೀಗ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿಯೂ ಅವರಿಗೇ ಬಂತು. ಆದರೆ ಹೋಮ್ ರನ್ ನಾಲ್ಕೇ ನಾಲ್ಕು. ಫಸ್ಟ್ ಮತ್ತು ಥರ್ಡ್ ಬೇಸ್‌ನಲ್ಲಿ ಆಡುವವರು ಚೆಂಡನ್ನು ಗೋಡೆ ದಾಟಿಸಬೇಕೆಂಬುದು ಅಮೆರಿಕದ ಹಳೆಯ ನಂಬಿಕೆ, ಹಾಗಾಗಿ ಆ ನಾಲ್ಕು ಎಲ್ಲರ ಕಣ್ಣಿಗೆ ಚುಚ್ಚಿತು. ಪಕ್ಕದಲ್ಲೇ 34 ಡಬಲ್‌ಗಳಿದ್ದವು. ನ್ಯೂ ಬ್ರಿಟನ್‌ನ ಮೈದಾನವಂತೂ ಹೋಮ್ ರನ್‌ಗೆ ಮೊದಲೇ ಕಡುಶತ್ರು. ಜೋರಾಗಿ, ನೇರವಾಗಿ ಹೊಡೆಯುವ ಶಕ್ತಿ ಹುಡುಗನಲ್ಲಿದೆ, ಕೆಟ್ಟ ಚೆಂಡನ್ನು ಬಿಡುವ ತಾಳ್ಮೆಯೂ ಇದೆ ಎಂಬುದು ಅಂಕಿಗಳಲ್ಲೇ ಕಾಣುತ್ತಿತ್ತು. ನಿಲ್ಲುವ ಭಂಗಿ ಮಾತ್ರ ವಿಚಿತ್ರ: ಕಾಲೆರಡನ್ನೂ ತೀರ ಅಗಲಿಸಿ, ಕಾಣದ ಕುರ್ಚಿಯ ಮೇಲೆ ಕೂತವರ ಹಾಗೆ ಮೊಣಕಾಲು ಮಡಿಸಿ, ಚೆಂಡು ಬರುವಾಗ ಮುಂಗಾಲನ್ನು ಹಿಂದಕ್ಕೆಳೆದುಕೊಂಡು ಬೀಸುತ್ತಿದ್ದರು. ಯಾವ ಕೋಚ್ ಕೂಡ ಮಕ್ಕಳಿಗೆ ಹಾಗೆ ಹೇಳಿಕೊಡಲಾರ.

ಹ್ಯೂಸ್ಟನ್‌ನಲ್ಲೂ ಥರ್ಡ್ ಬೇಸ್ ಖಾಲಿ ಇರಲಿಲ್ಲ, ಅಲ್ಲಿ ಕೆನ್ ಕ್ಯಾಮಿನಿಟಿ ಇದ್ದರು. ಬೋಸ್ಟನ್‌ನ ತರ್ಕವನ್ನೇ ಹಿಡಿದಿದ್ದರೆ ಹ್ಯೂಸ್ಟನ್‌ಗೂ ಬ್ಯಾಗ್‌ವೆಲ್ ಬೇಕಿರಲಿಲ್ಲ. ಆದರೆ 1991ರ ಜನವರಿಯಲ್ಲಿ ತಂಡದ ದೊಡ್ಡ ಹೊಡೆತಗಾರ, ಫಸ್ಟ್ ಬೇಸ್‌ಮನ್ ಗ್ಲೆನ್ ಡೇವಿಸ್‌ರನ್ನು ಬಾಲ್ಟಿಮೋರ್‌ಗೆ ಕೊಟ್ಟರು, ಆ ವಸಂತದ ತರಬೇತಿ ಶಿಬಿರದಲ್ಲಿ ಬ್ಯಾಗ್‌ವೆಲ್ ಕೈಗೆ ಫಸ್ಟ್ ಬೇಸ್‌ನ ದೊಡ್ಡ ಗ್ಲೋವ್ ಕೊಟ್ಟರು. ಒಂದು ಕಾಲನ್ನು ಬೇಸ್‌ಗೆ ತಾಗಿಸಿಕೊಂಡೇ ಮೈಚಾಚಿ, ನೆಲಕ್ಕೆ ಬಡಿದು ಬರುವ ಎಸೆತವನ್ನೂ ಎತ್ತಿಕೊಳ್ಳಬೇಕಾದ ಈ ಕೆಲಸ ಸುಲಭವಲ್ಲ, ಹಾಗೆಂದು ಕಲಿಯಲಾಗದ್ದೂ ಅಲ್ಲ. ಶಾರ್ಟ್‌ಸ್ಟಾಪ್ ಆಗಿದ್ದ ಎರ್ನಿ ಬ್ಯಾಂಕ್ಸ್, ಸೆಕೆಂಡ್ ಬೇಸ್‌ನ ರಾಡ್ ಕ್ಯಾರ್ಯೂ ಇಬ್ಬರೂ ನಡುವೃತ್ತಿಯಲ್ಲಿ ಅಲ್ಲಿಗೆ ಬಂದವರೇ. ಬ್ಯಾಗ್‌ವೆಲ್ ಮೊದಲ ವರ್ಷವೇ .294 ಸರಾಸರಿ, 15 ಹೋಮ್ ರನ್, 82 ಆರ್‌ಬಿಐ ಗಳಿಸಿ ನ್ಯಾಷನಲ್ ಲೀಗ್‌ನ ವರ್ಷದ ಹೊಸಬ ಎನಿಸಿಕೊಂಡರು. ಅದೂ ಹೋಮ್ ರನ್‌ಗೆ ಜಿಪುಣತನ ತೋರುವ ಆಸ್ಟ್ರೋಡೋಮ್‌ನಲ್ಲಿ. 1994ರಲ್ಲಿ ಗೋಲ್ಡ್ ಗ್ಲೋವ್ ಕೂಡ ಬಂತು.

ಇದೆಲ್ಲ ಕೆಟ್ಟ ಮೇಲೆ ಬಂದ ಬುದ್ಧಿ ಎಂದು ಯಾರಾದರೂ ಆಕ್ಷೇಪಿಸಬಹುದು. ಅದರಲ್ಲಿ ಅರ್ಧ ಸತ್ಯವಿದೆ. ಅವರ ಹೋಮ್ ರನ್‌ಗಳು ಮೊದಲ ಮೂರು ವರ್ಷ 15, 18, 20 ಎಂದು ನಿಧಾನಕ್ಕೆ ಏರಿ, ನಾಲ್ಕನೇ ವರ್ಷ 39ಕ್ಕೆ ಜಿಗಿದವು. ಅದನ್ನು 1990ರಲ್ಲಿ ಯಾರಿಗೂ ಊಹಿಸಲಾಗುತ್ತಿರಲಿಲ್ಲ. ಆ ಕಾಲದ ಬಲಿಷ್ಠ ಬ್ಯಾಟರ್‌ಗಳೆಲ್ಲರ ಮೇಲೆ ಬಿದ್ದ ಉದ್ದೀಪನ ಮದ್ದಿನ ಗುಮಾನಿ ಇವರ ಮೇಲೂ ಬಿತ್ತು, ಆದರೆ ಅದಕ್ಕೆ ಪುರಾವೆಯಾಗಿ ಒಂದು ಪರೀಕ್ಷೆಯ ಫಲಿತಾಂಶವೂ ಹೊರಬಂದಿಲ್ಲ. ನನ್ನ ವಾದಕ್ಕೆ ಆ 39 ಬೇಕಾಗಿಯೇ ಇಲ್ಲ, 1991ರ 15 ಸಾಕು. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಮೋ ವಾನ್ 1995ರಲ್ಲಿ ಅಮೆರಿಕನ್ ಲೀಗ್‌ನ ಅತ್ಯಮೂಲ್ಯ ಆಟಗಾರರಾದರು, ಬೋಸ್ಟನ್‌ನ ಲೆಕ್ಕ ತಪ್ಪಲಿಲ್ಲವಲ್ಲ? ಆಗಲಿ. ಆದರೆ 1992ರಲ್ಲಿ ಇದೇ ವಾನ್ .234ಕ್ಕೆ ಕುಸಿದು ಮೈನರ್ ಲೀಗ್‌ಗೆ ಮರಳಬೇಕಾಯಿತು. ಅಮೆರಿಕನ್ ಲೀಗ್‌ನಲ್ಲಿ ಬರೀ ಬ್ಯಾಟ್ ಮಾಡುವವನಿಗೆ 1973ರಿಂದಲೂ ಒಂದು ಸ್ಥಾನವಿತ್ತು, ಇಬ್ಬರಲ್ಲಿ ಒಬ್ಬರನ್ನು ಅಲ್ಲಿ ಆಡಿಸಬಹುದಿತ್ತು. ಯಾರ ಹೆಸರು ಹೇಳಿ ಬ್ಯಾಗ್‌ವೆಲ್‌ಗೆ ಬಾಗಿಲು ಮುಚ್ಚಿದರೋ ಆ ಬಾಗ್ಸ್ 1992 ಮುಗಿಯುತ್ತಲೇ ನ್ಯೂಯಾರ್ಕ್ ಯಾಂಕೀಸ್ ಸೇರಿದರು. ಕೂಪರ್ 1995ರ ಹೊತ್ತಿಗೆ ಸೇಂಟ್ ಲೂಯಿಸ್ ಪಾಲಾದರು, ನೇರಿಂಗ್ ಗಾಯಗಳಲ್ಲೇ ನವೆದರು. ತುಂಬಿ ತುಳುಕುತ್ತಿದ್ದ ಸಾಲು ಐದು ವರ್ಷವೂ ಬಾಳಲಿಲ್ಲ.

ಹಾಗಾದರೆ ಜಾಗವಿಲ್ಲದಿದ್ದರೂ ಹುಡುಗರನ್ನು ಕಟ್ಟಿಹಾಕಿಕೊಂಡೇ ಇರಬೇಕೇ? ಫಿಲಡೆಲ್ಫಿಯಾ ತಂಡ ಹಾಗೆ ಮಾಡಿತು. ರಯಾನ್ ಹೊವರ್ಡ್‌ಗೆ ಫಸ್ಟ್ ಬೇಸ್ ಬಿಟ್ಟರೆ ಬೇರೆ ಗತಿಯಿರಲಿಲ್ಲ, ಅಲ್ಲಿ ದುಬಾರಿ ಕರಾರಿನ ಜಿಮ್ ತೋಮಿ ಇದ್ದರು. 2004ರಲ್ಲಿ ಮೈನರ್ ಲೀಗ್‌ನಲ್ಲಿ 46 ಹೋಮ್ ರನ್ ಹೊಡೆದ ಮೇಲೂ ಹೊವರ್ಡ್ ಕಾಯಬೇಕಾಯಿತು. ಮರುವರ್ಷ ತೋಮಿ ಗಾಯಗೊಂಡಾಗ ಅವಕಾಶ ಸಿಕ್ಕಿ, ಅವರೂ ವರ್ಷದ ಹೊಸಬ ಪ್ರಶಸ್ತಿ ಗೆದ್ದರು. ಆಗ ಫಿಲಡೆಲ್ಫಿಯಾ ತೋಮಿಯನ್ನೇ ಷಿಕಾಗೊಗೆ ಕಳಿಸಿತು, 2006ರಲ್ಲಿ ಹೊವರ್ಡ್ 58 ಹೋಮ್ ರನ್ ಬಾರಿಸಿದರು. ತಂಡಕ್ಕೆ ಇದು ಲಾಭವೇ, ಆದರೆ ಹೊವರ್ಡ್ ಖಾಯಂ ಆಟಗಾರರಾಗುವಾಗ ವಯಸ್ಸು 25 ದಾಟಿತ್ತು. ಕಾದ ವರ್ಷಗಳ ನಷ್ಟ ಅವರದೇ. ಆ ಲೆಕ್ಕದಲ್ಲಿ ಬ್ಯಾಗ್‌ವೆಲ್ ಅದೃಷ್ಟವಂತರು. ಮೆಚ್ಚಿ ಬೆಳೆದ ತಂಡ ಕೈಬಿಟ್ಟಿತೆಂಬ ನೋವಿನ ಜೊತೆಗೇ, 22ನೇ ವಯಸ್ಸಿಗೆ ದಿನವೂ ಆಡುವ ಅವಕಾಶ ಅವರಿಗೆ ಸಿಕ್ಕಿತು. ಆ ಟ್ರೇಡ್‌ನಲ್ಲಿ ಸೋತದ್ದು ಬೋಸ್ಟನ್ ಒಂದೇ.