75 ಗಂಟೆ, 11 ವರ್ಷ

ಅಮೆರಿಕದ ಜನಸಂಖ್ಯೆಯಲ್ಲಿ ಲ್ಯಾಟಿನೊ ಮೂಲದವರು ಸುಮಾರು ಶೇ. 19, ಅಲ್ಲಿನ ವೈದ್ಯರಲ್ಲಿ ಅವರ ಪಾಲು ಶೇ. 7ರ ಆಸುಪಾಸು. ಈ ಅಂತರ ಕಡಿಮೆಯಾಗಬೇಕಾದರೆ ಹೈಸ್ಕೂಲಿನಲ್ಲೇ ಮಕ್ಕಳನ್ನು ಅಣಿಗೊಳಿಸಬೇಕು ಎನ್ನುವುದಕ್ಕೆ ಯಾರ ತಕರಾರೂ ಇರಲಾರದು. ಯಾವುದಕ್ಕೆ ಅಣಿಗೊಳಿಸುತ್ತಾರೆ ಎಂಬುದರಲ್ಲಿ ನನ್ನ ತಕರಾರಿದೆ.

ಈ ಮಕ್ಕಳಿಗೆ ಆಸಕ್ತಿಯೇ ಕಡಿಮೆ ಎನ್ನುವವರು ಟೆಕ್ಸಾಸಿನ ರಿಯೊ ಗ್ರಾಂಡೆ ಕಣಿವೆಯನ್ನು ನೋಡಲಿ. ಅಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಲ್ಯಾಟಿನೊಗಳು, ಸಕ್ಕರೆ ಕಾಯಿಲೆಯಂತೂ ಮನೆಮನೆಯ ಮಾತು. ಸ್ಪ್ಯಾನಿಷ್ ಮಾತ್ರ ಬಲ್ಲ ಅಜ್ಜಿಯ ಪಕ್ಕ ಕೂತು, ಕಾಲಿನ ಹುಣ್ಣು ಎಂದಿನದು, ಇನ್ಸುಲಿನ್ ಊಟಕ್ಕೆ ಮುಂಚೆಯೋ ಆಮೇಲೋ ಎಂದು ಡಾಕ್ಟರಿಗೂ ಅಜ್ಜಿಗೂ ನಡುವೆ ಮಾತು ದಾಟಿಸುವ ಹುಡುಗಿಗೆ ಆಸ್ಪತ್ರೆ ಹೊಸದೇನಲ್ಲ. (ಮಕ್ಕಳ ಹೆಗಲಿಗೆ ಈ ಭಾರ ಹೊರಿಸಬಾರದೆಂದು 2016ರ ಫೆಡರಲ್ ನಿಯಮ, ತುರ್ತು ಸಂದರ್ಭ ಬಿಟ್ಟು, ನಿರ್ಬಂಧ ಹಾಕಿತು. ಒಳ್ಳೆಯದೇ ಆಯಿತು.) ಅವಳಿಗೆ ಬೇಕಾಗಿರುವುದು ಸ್ಫೂರ್ತಿಯ ಭಾಷಣವಲ್ಲ, ದಾರಿ.

ದಾರಿಯೋ ಉದ್ದ. ನಮ್ಮಲ್ಲಿ ಪಿಯುಸಿ, ನೀಟ್ ದಾಟಿದರೆ ನೇರ ಎಂಬಿಬಿಎಸ್. ಅಲ್ಲಿ 4 ವರ್ಷ ಪದವಿ, ಎಂಕ್ಯಾಟ್ ಪರೀಕ್ಷೆ, 4 ವರ್ಷ ಮೆಡಿಕಲ್ ಸ್ಕೂಲ್, ಕನಿಷ್ಠ 3 ವರ್ಷ ರೆಸಿಡೆನ್ಸಿ; ಒಟ್ಟು 11 ವರ್ಷ. ಇನ್ನೊಂದು ಕಡೆ ನರ್ಸಿಂಗ್ ಸಹಾಯಕರ ತರಬೇತಿಗೆ ಫೆಡರಲ್ ಕಾನೂನು ಕೇಳುವುದು ಕನಿಷ್ಠ 75 ಗಂಟೆ. ಹೈಸ್ಕೂಲಿನ 'ಆರೋಗ್ಯ ವಿಭಾಗ' ಇಂಥ ಸರ್ಟಿಫಿಕೇಟಿಗೇ ನಿಂತುಬಿಟ್ಟರೆ ಶಾಲೆಗೂ ಸುಲಭ, ಮನೆಗೂ ಅನುಕೂಲ. ಅದರಿಂದ ಬರುವ ಸಂಬಳ ಮನೆ ಬಾಡಿಗೆಗೆ ಒದಗುತ್ತದೆ. ಅದನ್ನು ಹಗುರವಾಗಿ ಕಾಣುವ ಧೈರ್ಯ ನನಗಿಲ್ಲ. ಆದರೆ ಒಂಬತ್ತನೇ ತರಗತಿಯಲ್ಲಿ ಬೀಜಗಣಿತ ಹಿಂದೆ ಬಿದ್ದು, ಕೆಮಿಸ್ಟ್ರಿಯ ಜಾಗದಲ್ಲಿ ಹಾಸಿಗೆಯ ಹೊದಿಕೆ ಬದಲಿಸುವ ಪಾಠ ಬಂದರೆ, ಡಾಕ್ಟರಾಗುವ ಅವಕಾಶ ವೇಳಾಪಟ್ಟಿಯಲ್ಲೇ ಸದ್ದಿಲ್ಲದೆ ಕೈತಪ್ಪುತ್ತದೆ. ಹದಿನಾಲ್ಕು ವರ್ಷದ ಹುಡುಗಿಗೆ ಅದು ಗೊತ್ತೂ ಆಗುವುದಿಲ್ಲ. ಅಪ್ಪ ಅಮ್ಮ ಕಾಲೇಜು ಕಂಡವರಲ್ಲದಿದ್ದರೆ ಹೇಳುವವರಾದರೂ ಯಾರು?

ಬೇರೆ ರೀತಿಯಲ್ಲಿ ಮಾಡಲು ಸಾಧ್ಯವಿಲ್ಲವೆಂದೇನಿಲ್ಲ. ಹ್ಯೂಸ್ಟನ್ನಿನಲ್ಲಿ ಬೇಲರ್ ಮೆಡಿಕಲ್ ಕಾಲೇಜಿನ ಜತೆಗೂಡಿ 1972ರಲ್ಲೇ ಆರೋಗ್ಯ ವೃತ್ತಿಗಳ ಸರಕಾರಿ ಹೈಸ್ಕೂಲು ಶುರುವಾಯಿತು. ಮುಂದೆ ಅದಕ್ಕೆ ಹೃದಯ ಶಸ್ತ್ರಚಿಕಿತ್ಸಕ ಮೈಕೆಲ್ ಡಿಬೇಕಿಯ ಹೆಸರಿಟ್ಟರು. ರಿಯೊ ಗ್ರಾಂಡೆ ಕಣಿವೆಯ ಮರ್ಸಿಡಿಸ್ ಊರಿನಲ್ಲಿ 1984ರಿಂದ 'ಮೆಡ್ ಹೈ' ಎಂಬ ಅಂಥದೇ ಹೈಸ್ಕೂಲು ಇದೆ. ಇಂಥ ಶಾಲೆಯಲ್ಲಿ ವಾರ್ಡಿನ ಅನುಭವವೂ ಗಟ್ಟಿ ವಿಜ್ಞಾನವೂ ಜೊತೆಜೊತೆಗೆ ಸಾಗಬೇಕು. ಒಂದಕ್ಕಾಗಿ ಇನ್ನೊಂದನ್ನು ಬಿಡಿಸಬಾರದು. ಮುಂದಿನ ಮೆಟ್ಟಿಲಂತೂ ತಡವಾಗಿಯೇ ಬಂತು: ಕಣಿವೆಯ ಹೊಸ ಮೆಡಿಕಲ್ ಸ್ಕೂಲಿಗೆ ಮೊದಲ ವಿದ್ಯಾರ್ಥಿಗಳು ಬಂದದ್ದು 2016ರಲ್ಲಿ, ಅಂದರೆ 'ಮೆಡ್ ಹೈ' ಶುರುವಾಗಿ ಮೂರು ದಶಕದ ಮೇಲೆ.

ಕಾಲೇಜು ಪ್ರವೇಶದ ಹೊತ್ತಿಗೆ ಸರಿಮಾಡಿಕೊಳ್ಳೋಣ ಎನ್ನುವ ಹಾಗೂ ಈಗ ಇಲ್ಲ. ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವ ಪದ್ಧತಿಯನ್ನು ಸುಪ್ರೀಂ ಕೋರ್ಟ್ 2023ರಲ್ಲಿ ತಳ್ಳಿಹಾಕಿತು. ಹಾಗಾಗಿ ಹೊಣೆಯೆಲ್ಲ ಇನ್ನಷ್ಟು ಕೆಳಗಿನ ತರಗತಿಗಳ ಮೇಲೆ ಬಿದ್ದಿದೆ.

ಓದಿದವರು ಊರಿಗೆ ಮರಳುತ್ತಾರೆಂಬ ಖಾತರಿ ಏನು ಎಂದು ಕೇಳುವವರಿದ್ದಾರೆ. ಮರಳಲೇಬೇಕೆಂಬ ಕರಾರು ಈ ಮಕ್ಕಳಿಗೆ ಮಾತ್ರ ಏಕೆ? ಸಾಲ ಹೊತ್ತವರು ಸಂಬಳ ಹೆಚ್ಚಿರುವ ಕಡೆ ಹೋಗುವುದು ಎಲ್ಲ ಜಾತಿ ಜನಾಂಗದಲ್ಲೂ ಇದ್ದದ್ದೇ. ಸದ್ಯ ವೈದ್ಯರಿಲ್ಲದ ಊರುಗಳಿಗೆ ಅಮೆರಿಕ ಕಂಡುಕೊಂಡಿರುವ ಉಪಾಯಗಳಲ್ಲಿ ಒಂದು, ಜೆ-1 ವೀಸಾದಲ್ಲಿ ಬಂದ ವಿದೇಶಿ ವೈದ್ಯರನ್ನು ಮೂರು ವರ್ಷ ಅಲ್ಲಿ ದುಡಿಸುವುದು. ಕರ್ನಾಟಕದಿಂದ ಹೋದವರೂ ಅವರಲ್ಲಿದ್ದಾರೆ. ಅವಧಿ ಮುಗಿದ ಮೇಲೆ ಅವರನ್ನೂ ಯಾರೂ ಕಟ್ಟಿಹಾಕುವುದಿಲ್ಲ.